ಈರುಳ್ಳಿಯಿಲ್ಲದ ಊಟ, ಎಲ್ಲೆಯಿಲ್ಲದ ಭೋಗ

ಕಡಲ ನಡುವಿನ ರಮ್ಯ ದ್ವೀಪವೊಂದರಲ್ಲಿ ವೈಭವದ ಹೋಟೆಲನ್ನು ಆರಿಸಿಕೊಳ್ಳುವಾಗ ಜೈನ ಕುಟುಂಬವೊಂದು ಧರ್ಮದ ಹೆಸರಿನಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಅಲ್ಲಿ ‘ಜೈನ ಊಟ’ ಸಿಗುತ್ತದೆಯೇ? ಸಿಗುತ್ತದೆ ಎಂಬ ಉತ್ತರ ಬಂದೊಡನೆ ಆ ವಿಚಾರಣೆ ಮುಗಿಯಿತು. ಮುಂದಿನದೆಲ್ಲ ಕೊಠಡಿಯ ಕಿಟಕಿಯಿಂದ ಕಡಲು ಕಾಣುವುದೇ, ಈಜುಕೊಳ ಪ್ರತ್ಯೇಕವಾಗಿದೆಯೇ, ಬೆಳಗಿನ ಉಪಾಹಾರ ಬಾಡಿಗೆಯಲ್ಲಿ ಸೇರಿದೆಯೇ ಎಂಬ ಲೆಕ್ಕಾಚಾರ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳನ್ನು ಬಿಟ್ಟ ಒಂದು ತಟ್ಟೆ ಇಡೀ ಪ್ರವಾಸಕ್ಕೆ ಪರವಾನಗಿ ಪತ್ರವಾಗಿದೆ. ಹೋಟೆಲಿನವರೂ ಇದನ್ನು ಚೆನ್ನಾಗಿ ಬಲ್ಲರು. ಒಂದು ಸಮಾಜದ ಸಾವಿರಾರು ವರ್ಷಗಳ ಆಚಾರವಿಚಾರವನ್ನು ಅವರು ಅಡುಗೆಯವನಿಗೆ ಕೊಡುವ ಒಂದು ಸಾಲಿನ ಸೂಚನೆಗೆ ಇಳಿಸಿಕೊಂಡಿದ್ದಾರೆ. ಅದಕ್ಕಾಗಿ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಗಿರಾಕಿ ಕೇಳಿದ್ದೇ ಅಷ್ಟು.

ದ್ವೀಪಪ್ರವಾಸ ಈಗ ದೂರದ ಶ್ರೀಮಂತರ ವಿಲಾಸವಾಗಿ ಉಳಿದಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ 24ರಂದು ತೆರೆದ ಮೇಲೆ ಬೆಂಗಳೂರು ಗ್ರಾಮಾಂತರದ ಊರುಗಳಿಗೆ ಕಡಲು ಬಾಗಿಲಿಗೇ ಬಂದಂತಾಯಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯಂಥ ಊರಿನಿಂದ ಹೊರಟವರು ಬೆಳಿಗ್ಗೆ ಘಾಟಿಯ ಬೆಟ್ಟಸಾಲನ್ನು ಬಿಟ್ಟು, ಹೊತ್ತು ಮುಳುಗುವ ಮೊದಲೇ ಅಂಡಮಾನಿನಲ್ಲೋ ಮಾಲ್ಡೀವ್ಸಿನಲ್ಲೋ ಮರಳ ಮೇಲೆ ಕುಳಿತಿರಬಹುದು. ತೂಬಗೆರೆ ಎಂಬ ಹೆಸರಿನಲ್ಲಿ ತೂಬೂ ಕೆರೆಯೂ ಕೇಳಿಸುತ್ತವೆ. ತೂಬೆಂದರೆ ಕೆರೆಯ ನೀರನ್ನು ಬೇಕಾದಷ್ಟೇ ಹೊರಬಿಡುವ ಬಾಯಿ. ಅದು ಕೆಟ್ಟರೆ ಕೆರೆ ಎಷ್ಟು ದೊಡ್ಡದಾದರೂ ಬರಿದಾಗುತ್ತದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೊಳವೆಬಾವಿ ಕೊರೆಸಿದಷ್ಟೂ ನೀರು ಕೆಳಗಿಳಿಯುವ ಈ ಬಯಲುಸೀಮೆಯ ಜನಕ್ಕೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥವರೇ ಇಲ್ಲಿಗಿಂತಲೂ ಸಿಹಿನೀರು ದುರ್ಲಭವಾದ ಕಡೆಗೆ ಹೋಗಿ ಖಾಸಗಿ ಈಜುಕೊಳವುಳ್ಳ ಕೊಠಡಿಯನ್ನು ಕೇಳಿ ಪಡೆಯುವುದು ವಿಚಿತ್ರ.

ಶ್ರಾವಕಧರ್ಮ ಈ ವಿಷಯದಲ್ಲಿ ಮೌನವಾಗಿದೆ ಎಂದು ಯಾರೂ ಹೇಳುವಂತಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತದ ಎಲ್ಲೆಗಳನ್ನು ಹೆಸರಿಸುವಾಗ ಮೊದಲು ಹೇಳುವುದು ಸಮುದ್ರವನ್ನು; ನದಿ, ಅಡವಿ, ಬೆಟ್ಟ, ನಾಡು, ಯೋಜನಗಳು ಅನಂತರ ಬರುತ್ತವೆ. ಹತ್ತು ದಿಕ್ಕುಗಳಲ್ಲಿ ಇಂತಿಷ್ಟರಾಚೆ ಹೋಗೆನೆಂದು ಗೃಹಸ್ಥನು ತಾನೇ ಗೆರೆ ಎಳೆದುಕೊಂಡರೆ, ಆ ಗೆರೆಯ ಆಚೆಗೆ ಅವನಿಂದ ಸೂಕ್ಷ್ಮಪಾಪವೂ ನಡೆಯುವುದಿಲ್ಲವೆಂಬುದು ವ್ರತದ ತಾತ್ಪರ್ಯ. ಗೆರೆ ಎಲ್ಲಿರಬೇಕೆಂಬುದನ್ನು ಶಾಸ್ತ್ರ ಅವನ ವಿವೇಕಕ್ಕೇ ಬಿಟ್ಟಿದೆ. ಜೈನ ವಣಿಕರು ಹಡಗು ಹತ್ತಿದವರೇ. ಜಿನಸೇನರ ಹರಿವಂಶಪುರಾಣದಲ್ಲಿ ಬರುವ ಚಾರುದತ್ತನ ಕಥೆಯೇ ಅದಕ್ಕೆ ಸಾಕ್ಷಿ. ಹಾಗಾಗಿ ಸಮುದ್ರ ದಾಟುವುದೇ ದೋಷವೆಂಬ ವಾದವನ್ನು ಇಲ್ಲಿ ಹೂಡಿಲ್ಲ. ತತ್ತ್ವಾರ್ಥಸೂತ್ರ ದಿಗ್ವ್ರತದ ಐದು ಅತಿಚಾರಗಳನ್ನು ಎಣಿಸುವಲ್ಲಿ ಕೊನೆಯದಾಗಿ ಹೇಳುವುದು ಸ್ಮೃತ್ಯಂತರಾಧಾನವನ್ನು, ಎಂದರೆ ಹಾಕಿಕೊಂಡ ಎಲ್ಲೆಯನ್ನು ಮರೆಯುವುದನ್ನು. ಇಂದಿನ ಬಹುತೇಕ ಮನೆಗಳು ಈ ಅತಿಚಾರದಿಂದ ಮುಕ್ತವಾಗಿವೆ. ಮರೆಯಲು ಅಲ್ಲಿ ಎಲ್ಲೆಯೇ ಇಲ್ಲ.

ಭೋಗೋಪಭೋಗ ಪರಿಮಾಣ ವ್ರತದ ಮಾತು ಇನ್ನೂ ನೇರವಾಗಿದೆ. ಒಮ್ಮೆ ಅನುಭವಿಸಿ ಬಿಡುವುದು ಭೋಗ, ಮತ್ತೆ ಮತ್ತೆ ಅನುಭವಿಸುವುದು ಉಪಭೋಗ. ಇವುಗಳಿಗೆ ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳ ಪಟ್ಟಿಯಲ್ಲಿ ಆಚಾರ್ಯರು ಭೋಜನದ ಜೊತೆಗೆ ವಾಹನ, ಶಯನ, ಸ್ನಾನ, ಅಂಗರಾಗ, ಪುಷ್ಪ, ತಾಂಬೂಲ, ವಸ್ತ್ರ, ಭೂಷಣ, ಸಂಗೀತಗಳನ್ನೆಲ್ಲ ಹೆಸರಿಸುತ್ತಾರೆ. ಇಂದಿನ ಹೋಟೆಲಿನ ಬಣ್ಣದ ಕರಪತ್ರವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ನಿಲ್ದಾಣದಿಂದ ಕರೆತರುವ ವೇಗದೋಣಿ, ಹಂಸತೂಲಿಕೆಯ ಹಾಸಿಗೆ, ಹೂವು ತೇಲಿಸಿದ ಸ್ನಾನದ ತೊಟ್ಟಿ, ಸುಗಂಧತೈಲದ ಅಭ್ಯಂಗ, ಸಂಜೆಯ ಗಾಯನ: ಶಾಸ್ತ್ರವು ಅಳೆದು ಬಳಸೆಂದ ವಸ್ತುಗಳನ್ನೇ ಅಲ್ಲಿ ಅಳತೆಯಿಲ್ಲದೆ ಮಾರಲಾಗುತ್ತದೆ. ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತು ಎಂದು ಅವಧಿ ಗೊತ್ತುಮಾಡಿಕೊಂಡು ನಿಯಮ ಹಿಡಿಯುವ ಸೌಲಭ್ಯವನ್ನೂ ಆಚಾರ್ಯರು ಗೃಹಸ್ಥನಿಗೆ ಕೊಟ್ಟಿದ್ದಾರೆ. ನಾಲ್ಕು ದಿನದ ಪ್ರವಾಸಕ್ಕೆ ನಾಲ್ಕು ದಿನದ ನಿಯಮ ಸಾಧ್ಯವಿತ್ತು. ಆದರೆ ಪಟ್ಟಿಯಲ್ಲಿ ಭೋಜನವೊಂದನ್ನು, ಅದರಲ್ಲಿಯೂ ಕಂದಮೂಲಗಳನ್ನು ಮಾತ್ರ ಹಿಡಿದುಕೊಂಡು ಉಳಿದುದನ್ನು ಕೈಬಿಡುವುದು ಸಮಾಜಕ್ಕೆ ರೂಢಿಯಾಗಿದೆ.

ಹಿಡಿದುಕೊಂಡ ಭೋಜನನಿಯಮವಾದರೂ ಉಳಿಯುತ್ತದೆಯೇ? ದ್ವೀಪದ ಹೋಟೆಲುಗಳ ಹೆಮ್ಮೆಯ ಏರ್ಪಾಡೆಂದರೆ ಸೂರ್ಯ ಮುಳುಗಿದ ಮೇಲೆ ಮರಳಿನ ಮೇಲೆ ದೀಪ ಹಚ್ಚಿ ಬಡಿಸುವ ಊಟ. ರಾತ್ರಿಭೋಜನ ತ್ಯಾಗವನ್ನು ಚಿಕ್ಕಂದಿನಿಂದ ಕಲಿತವರೂ ಅಲ್ಲಿ ‘ಜೈನ ಊಟ’ವನ್ನು ರಾತ್ರಿ ಒಂಬತ್ತಕ್ಕೆ ಉಣ್ಣುತ್ತಾರೆ. ಮೀನು ಹುರಿದ ಒಲೆಯ ಪಕ್ಕದ ಒಲೆ, ಅದೇ ಸೌಟು, ಅದೇ ಕೈ ಎಂಬ ಮಾತು ಬೇರೆ. ಅದನ್ನು ಬೆಳೆಸಬೇಕಾಗಿಲ್ಲ, ಪ್ರತ್ಯೇಕ ಅಡುಗೆಮನೆಯಿರುವ ಹೋಟೆಲುಗಳೂ ಇವೆ, ಇರಲಿ.

ನೀರಿನ ವಿಷಯವನ್ನು ಮಾತ್ರ ಇಷ್ಟಕ್ಕೆ ಬಿಡುವಂತಿಲ್ಲ. ಬಟ್ಟೆಯಲ್ಲಿ ಸೋಸಿದ ನೀರನ್ನು ಕುಡಿಯುವುದು ಜೈನ ಮನೆಯ ಮೊದಲ ಗುರುತು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು, ಆ ನೀರು ಬಂದ ಬಾವಿಗೇ ಮೆಲ್ಲನೆ ಮರಳಿ ಬಿಡಬೇಕೆಂಬುದು ಹಿರಿಯರ ಕ್ರಮ. ಒಂದು ಬಾವಿಯ ಜೀವವನ್ನು ಇನ್ನೊಂದು ಬಾವಿಗೆ ಹಾಕಬಾರದೆನ್ನುವಷ್ಟು ಸೂಕ್ಷ್ಮತೆ ಅಲ್ಲಿತ್ತು. ಈಗ ದ್ವೀಪದ ನೀರು ಎಲ್ಲಿಂದ ಬರುತ್ತದೆಂದು ನೋಡಬೇಕು. ಲಕ್ಷದ್ವೀಪದ 36 ದ್ವೀಪಗಳ ನೆಲವೆಲ್ಲ ಕೂಡಿ ಸುಮಾರು 32 ಚದರ ಕಿಲೋಮೀಟರು; ಜನ ವಾಸಿಸುವುದು ಹತ್ತರಲ್ಲಿ. ಹೊಳೆಯಿಲ್ಲ, ಬೆಟ್ಟವಿಲ್ಲ. ಮಳೆಯ ನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಹೆಚ್ಚು ಸೇದಿದರೆ ಉಪ್ಪುನೀರು ಮೇಲೇರಿ ಬಾವಿ ಕೆಡುತ್ತದೆ. ಈ ಕಾರಣದಿಂದಲೇ 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿನೀರಾಗಿಸುವ ಸ್ಥಾವರವನ್ನು ಕಟ್ಟಲಾಯಿತು. ಅದರ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರು. ಒಂದು ದ್ವೀಪದ ಜನ ಇಂಥ ನೀರನ್ನು ಅಳೆದು ಕುಡಿಯುವಾಗ, ದಿನಕ್ಕೆ ಮೂರು ಸಲ ಮೀಯುವ ಅತಿಥಿ ಬಂದಿಳಿಯುತ್ತಾನೆ.

ಮಾಲ್ಡೀವ್ಸಿನ ರಾಜಧಾನಿ ಮಾಲೆಯಲ್ಲಿ 2014ರ ಡಿಸೆಂಬರಿನಲ್ಲಿ ನೀರು ಸಿಹಿಮಾಡುವ ಸ್ಥಾವರಕ್ಕೆ ಬೆಂಕಿ ತಗುಲಿ ಲಕ್ಷಕ್ಕೂ ಹೆಚ್ಚು ಜನ ಕುಡಿಯುವ ನೀರಿಲ್ಲದೆ ಪರದಾಡಿದರು. ಭಾರತ ವಿಮಾನ, ಹಡಗುಗಳಲ್ಲಿ ನೀರು ಕಳುಹಿಸಬೇಕಾಯಿತು. ಅದೇ ದೇಶದಲ್ಲಿ ಮಾಲೆಗೆ ಅನತಿದೂರದ ತಿಲಫುಶಿಯೆಂಬಲ್ಲಿ 1992ರಿಂದ ಕಸವನ್ನು ಸುರಿದು ಸುರಿದು ತಿಳಿನೀರಿನ ಹಿನ್ನೀರೊಂದನ್ನು ನೆಲವಾಗಿಸಿದ್ದಾರೆ. ರಾಜಧಾನಿಯ ಕಸದ ಜೊತೆಗೆ ವಿಲಾಸದ್ವೀಪಗಳ ಕಸವೂ ಅಲ್ಲಿಗೆ ಸೇರಿದೆ. ಹೋಟೆಲಿನ ಕರಪತ್ರದಲ್ಲಿ ಈ ದ್ವೀಪದ ಚಿತ್ರವಿರುವುದಿಲ್ಲ.

ಹವಳದ ಮಾತು ಇನ್ನೂ ಒಂದಿದೆ. ಜೈನಾಗಮ ಪೃಥ್ವೀಕಾಯದ ಭೇದಗಳಲ್ಲಿ ಹವಳವನ್ನು ಎಣಿಸುತ್ತದೆ. ಇಂದಿನ ವಿಜ್ಞಾನ ಅದನ್ನು ಪ್ರಾಣಿಗಳ ಸಮೂಹವೆನ್ನುತ್ತದೆ. ಯಾವ ಲೆಕ್ಕ ಹಿಡಿದರೂ ಅದು ಜೀವವೇ. ಸಮುದ್ರದ ನೀರು ಕಾದು ಲಕ್ಷದ್ವೀಪದ ಹವಳದಿಬ್ಬಗಳು 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಬಿಳಿಚಿಕೊಂಡವು. ಹೀಗೆ ಸೊರಗಿದ ದಿಬ್ಬಗಳ ಮೇಲೆ ದೋಣಿಯ ಲಂಗರು ಬೀಳುತ್ತದೆ, ಮುಳುಗಿ ನೋಡಲು ಬಂದವರ ಕಾಲು ಬೀಳುತ್ತದೆ. ಮನೆಯಂಗಳದಲ್ಲಿ ಇರುವೆ ಸಾಲನ್ನು ಬಳಸಿ ನಡೆಯುವ ಗೃಹಿಣಿಗೆ, ಪಿಂಛಿ ಹಿಡಿದು ನೆಲವನ್ನು ಸವರಿ ಕೂರುವ ಮುನಿಗಳಿಗೆ ವಂದಿಸುವ ಗೃಹಸ್ಥನಿಗೆ ಇದನ್ನು ವಿವರಿಸಬೇಕಾಗಿ ಬಂದಿರುವುದೇ ಖೇದದ ಸಂಗತಿ. ಅನರ್ಥದಂಡದ ಭೇದವಾದ ಪ್ರಮಾದಚರ್ಯೆಯನ್ನು ವಿವರಿಸುವಲ್ಲಿ ಸಮಂತಭದ್ರರು ನಿಷ್ಪ್ರಯೋಜನವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಕಲಕುವುದನ್ನೂ ಗಿಡಮರ ಕಡಿಯುವುದನ್ನೂ ಹೇಳಿ, ಜೊತೆಗೆ ವ್ಯರ್ಥವಾಗಿ ತಾನು ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಸೇರಿಸುತ್ತಾರೆ. ಪ್ರವಾಸೋದ್ಯಮವೆಂಬ ಶಬ್ದ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲು ಬರೆದ ಮಾತಿದು.

ಇದಕ್ಕೆ ಬರುವ ಆಕ್ಷೇಪಗಳು ಗೊತ್ತಿರುವವೇ. ಗೃಹಸ್ಥನು ಮುನಿಯಲ್ಲ, ಅವನಿಗೆ ಭೋಗದ ಅಧಿಕಾರವಿದೆ ಎನ್ನುತ್ತಾರೆ. ನಿಜ. ಮುನಿಗೆ ಭೋಗವೇ ಇಲ್ಲವಾದ್ದರಿಂದ ಪರಿಮಾಣದ ಪ್ರಶ್ನೆಯೂ ಇಲ್ಲ. ಪರಿಮಾಣವ್ರತ ಹುಟ್ಟಿದ್ದೇ ಗೃಹಸ್ಥನಿಗಾಗಿ. ನ್ಯಾಯವಾಗಿ ದುಡಿದ ಹಣವೆಂಬುದು ಇನ್ನೊಂದು ಮಾತು. ನ್ಯಾಯದಿಂದ ಗಳಿಸಿದ್ದು ಸಂತೋಷವೇ, ಆದರೆ ಗಳಿಕೆಯ ಶುದ್ಧಿ ವ್ಯಯದ ಶುದ್ಧಿಗೆ ಜಾಮೀನಾಗುವುದಿಲ್ಲ. ದ್ವೀಪದ ಬಡವರಿಗೆ ಇದರಿಂದ ಅನ್ನ ಸಿಗುತ್ತದೆಂಬ ಮೂರನೆಯ ಮಾತಿನಲ್ಲಿ ಮಾತ್ರ ತೂಕವಿದೆ. ಮಾಲ್ಡೀವ್ಸಿನಲ್ಲಿ 1972ರಲ್ಲಿ ಪ್ರವಾಸಿಗರಿಗಾಗಿ ಮೊದಲ ವಸತಿ ತೆರೆದಂದಿನಿಂದ ಆ ದೇಶದ ಬದುಕು ಅದರ ಮೇಲೆ ನಿಂತಿದೆ; ಅದನ್ನು ಹಗುರಾಗಿ ಕಾಣುವುದು ಅನ್ಯಾಯ. ಹಾಗಿದ್ದಲ್ಲಿ ಆ ಕಾಳಜಿಯುಳ್ಳವರು ಸ್ಥಳೀಯರ ಸಣ್ಣ ವಸತಿಗೃಹವನ್ನು ಆರಿಸಿಕೊಂಡು, ಅವರ ಬಾವಿಯ ನೀರನ್ನು ಅವರಷ್ಟೇ ಮಿತವಾಗಿ ಬಳಸಿ ಬರಬಹುದಲ್ಲ? ಬಡವರ ಅನ್ನದ ನೆನಪು ಐದು ನಕ್ಷತ್ರದ ಹೋಟೆಲಿನ ಸಮರ್ಥನೆಗೆ ಮಾತ್ರ ಬರುವುದೇಕೆ? ಅಂಥ ಹೋಟೆಲಿಗೆ ಹಾಲು, ಹಿಟ್ಟು, ಹಣ್ಣು, ಹೂವುಗಳೆಲ್ಲ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಎಲ್ಲೆಯ ಒಳಗೇ ಕುಳಿತು ಹೊರಗಿನಿಂದ ತರಿಸಿಕೊಳ್ಳುವುದನ್ನು ತತ್ತ್ವಾರ್ಥಸೂತ್ರ ಆನಯನವೆಂಬ ಅತಿಚಾರವಾಗಿ ದೇಶವ್ರತದಲ್ಲಿ ಹೆಸರಿಸಿರುವುದನ್ನು ವ್ರತಿಗಳು ಬಲ್ಲರು.

ಸಮಾಜ ಈ ವಿಷಯದಲ್ಲಿ ತೀರ ಕುರುಡಾಗಿಲ್ಲ ಎಂಬುದಕ್ಕೆ ಸಮ್ಮೇದಶಿಖರಜಿಯ ಹೋರಾಟ ಸಾಕ್ಷಿ. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಆ ಬೆಟ್ಟದ ಸುತ್ತ ಪರಿಸರ ಪ್ರವಾಸೋದ್ಯಮಕ್ಕೆ ಅವಕಾಶ ಕೊಡುವ 2019ರ ಆಗಸ್ಟ್ 2ರ ಅಧಿಸೂಚನೆಯ ವಿರುದ್ಧ ದೇಶದ ಊರೂರುಗಳಲ್ಲಿ ಜೈನರು ಬೀದಿಗಿಳಿದರು. ಉಪವಾಸ ಕೈಗೊಂಡಿದ್ದ ಮುನಿ ಸುಜ್ಞೇಯಸಾಗರ ಮಹಾರಾಜರು 2023ರ ಜನವರಿ 3ರಂದು ಜೈಪುರದಲ್ಲಿ ದೇಹತ್ಯಾಗ ಮಾಡಿದರು. ಎರಡು ದಿನಗಳ ಅನಂತರ, ಜನವರಿ 5ರಂದು, ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆಯಿತ್ತಿತು. ಅಂದು ಸಮಾಜ ಮುಂದಿಟ್ಟ ವಾದವೇನು? ಪ್ರವಾಸಿಗರು ಬಂದರೆ ಅವರ ಹಿಂದೆಯೇ ಹೋಟೆಲು, ಮದ್ಯ, ಮಾಂಸ, ಕಸ ಬರುತ್ತವೆ. ಸ್ಥಳದ ಶೀಲ ಕೆಡುತ್ತದೆ. ಅದೇ ಬೆಟ್ಟವನ್ನು ಮರಾಂಗ್ ಬುರು ಎಂದು ಪೂಜಿಸುವ ಸಂತಾಲರಿಗೂ ಅಲ್ಲಿ ಹಕ್ಕಿದೆ ಎಂಬುದು ಬೇರೆ ಚರ್ಚೆ. ಪ್ರವಾಸೋದ್ಯಮದ ಕುರಿತ ಆ ವಾದವಂತೂ ಸರಿಯಾಗಿತ್ತು. ಆದರೆ ಪಾರಸನಾಥ ಬೆಟ್ಟಕ್ಕೆ ಸರಿಯಾದ ವಾದ ಅಗತ್ತಿಗೆ, ಮಾಲೆಗೆ, ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ತಪ್ಪಾಗುವುದು ಹೇಗೆ? ತನ್ನ ತೀರ್ಥದಲ್ಲಿ ಪರರ ವಿಲಾಸ ಬೇಡವೆಂದು ಮೆರವಣಿಗೆಯಲ್ಲಿ ನಡೆದವನು, ಪರರ ಮನೆಯಂಗಳದಲ್ಲಿ ತನ್ನ ವಿಲಾಸವನ್ನು ಹೂಡಲು ಬೇಸಿಗೆ ರಜೆಯಲ್ಲಿ ವಿಮಾನ ಹತ್ತುತ್ತಾನೆ.

ದ್ವೀಪದಲ್ಲಿ ಮದುವೆ ಮಾಡುವ ಹೊಸ ಚಾಳಿಯನ್ನು ಹೆಚ್ಚು ಬೆಳೆಸುವುದು ಬೇಡ. ಮದುವೆಯ ಊಟಕ್ಕೆಂದು ಕೂಡಿಟ್ಟ ಪ್ರಾಣಿಗಳ ಆಕ್ರಂದನ ಕೇಳಿ ರಥವನ್ನು ತಿರುಗಿಸಿದ ನೇಮಿನಾಥಸ್ವಾಮಿಯ ಭಕ್ತರು, ದಿನವಿಡೀ ಮೀನು ಹಿಡಿದು ತಂದು ಸುರಿಯುವ ಹೋಟೆಲಿನ ಅಂಗಳದಲ್ಲಿ ನವಕಾರ ಹೇಳಿಸಿ ಅಕ್ಷತೆ ಹಾಕುತ್ತಾರೆ. ಅದಕ್ಕೆ ಇಷ್ಟು ಸಾಕು.

ಉಡುಪಿ ಜಿಲ್ಲೆಯ ವರಂಗದ ಕೆರೆಬಸದಿಯೂ ಒಂದು ಅರ್ಥದಲ್ಲಿ ದ್ವೀಪವೇ. ಕೆರೆಯ ನಡುವಿನ ಆ ಚತುರ್ಮುಖ ಬಸದಿಗೆ ದೋಣಿಯಲ್ಲದೆ ಬೇರೆ ದಾರಿಯಿಲ್ಲ. ಸುತ್ತ ತಾವರೆ, ಆಚೆ ಸಹ್ಯಾದ್ರಿಯ ಹಸುರು. ರಮ್ಯತೆಗೆ ಏನೂ ಕೊರತೆಯಿಲ್ಲ. ದರ್ಶನ ಮುಗಿದ ಮೇಲೆ ದೋಣಿಯವನು ಯಾತ್ರಿಕರನ್ನು ದಡಕ್ಕೆ ತಂದು ಬಿಡುತ್ತಾನೆ. ನೀರಿನ ನಡುವೆ ರಾತ್ರಿ ತಂಗುವ ಕೊಠಡಿಯನ್ನು ಅಲ್ಲಿ ಯಾರೂ ಕಟ್ಟಿಲ್ಲ. ಬಿಹಾರದ ಪಾವಾಪುರಿಯ ಜಲಮಂದಿರದಲ್ಲಿಯೂ ಹಾಗೆಯೇ. ಚೆಲುವಾದ ಜಾಗವನ್ನು ಕಂಡು ಕೈಮುಗಿದು ಹಿಂದಿರುಗುವ ಕ್ರಮ ಸಮಾಜಕ್ಕೆ ಹೊಸದೇನಲ್ಲ.

ಬಸದಿಗಳ ಆಡಳಿತ ಮಂಡಳಿಗಳು ಈ ವಿಷಯವನ್ನು ಖಾಸಗಿ ಕುಟುಂಬಗಳ ಇಷ್ಟಕ್ಕೆ ಬಿಟ್ಟು ಸುಮ್ಮನಿರುವುದು ಸಲ್ಲದು. ‘ಜೈನ ಊಟದ ಸೌಲಭ್ಯವುಂಟು’ ಎಂಬ ಒಕ್ಕಣೆಯ ದ್ವೀಪಪ್ರವಾಸದ ಪ್ರಕಟಣೆಗಳಿಗೆ ಬಸದಿಯ ಫಲಕದಲ್ಲಿಯೂ ಪಂಚಾಂಗದ ಹಿಂಬದಿಯಲ್ಲಿಯೂ ಜಾಗ ಕೊಡಬಾರದು. ತೀರ್ಥಯಾತ್ರೆಯ ಬಾಲಕ್ಕೆ ಕಡಲತೀರದ ಎರಡು ದಿನಗಳನ್ನು ಕಟ್ಟಿ ಅದನ್ನೂ ಯಾತ್ರೆಯೆಂದು ಕರೆಯುವ ಯೋಜನೆಗೆ ಬಸದಿಯ ಹೆಸರನ್ನು ಕೊಡಬಾರದು. ದಶಲಕ್ಷಣ ಪರ್ವದ ದಿನಗಳಲ್ಲಿ, ಉತ್ತಮ ತ್ಯಾಗ, ಉತ್ತಮ ಆಕಿಂಚನ್ಯಗಳ ಪ್ರವಚನದ ಹೊತ್ತಿನಲ್ಲಿಯೇ, ದಿಗ್ವ್ರತದ ಹಾಗೂ ಭೋಗೋಪಭೋಗ ಪರಿಮಾಣದ ನಿಯಮಗಳನ್ನು ಒಂದು ವರ್ಷದ ಮಟ್ಟಿಗಾದರೂ ಬರೆದುಕೊಡುವ ಪುಸ್ತಕವೊಂದನ್ನು ಬಸದಿಯಲ್ಲಿ ಇಡಬಹುದು. ಎಷ್ಟು ದೂರ, ಎಷ್ಟು ದಿನ, ಎಷ್ಟು ಬಾಡಿಗೆಯವರೆಗೆ ಎಂಬುದನ್ನು ಕುಟುಂಬದ ಯಜಮಾನರು ತಮ್ಮ ಕೈಯಿಂದಲೇ ತುಂಬಲಿ. ಮಂಡಳಿ ಅದನ್ನು ತಿದ್ದುವುದೂ ಬೇಡ, ಓದಿ ಹೇಳುವುದೂ ಬೇಡ. ಸಹಿ ಹಾಕಿದವರಿಗೆ ಮರುವರ್ಷದ ಪರ್ವದಲ್ಲಿ ಅದೇ ಪುಟವನ್ನು ತೆರೆದು ತೋರಿಸಿದರಾಯಿತು.