ದಪ್ಪಕ್ಷರದ ಇಕ್ಕಟ್ಟಿನಲ್ಲಿ ನಮ್ಮ ಕನ್ನಡ



ವೈದ್ಯರಾದ ನಮಗೆ ಅಕ್ಷರಶೈಲಿಯ ಉಸಾಬರಿ ಏಕೆಂದು ತಾವು ಕೇಳಬಹುದು. ಓದಲಾಗದ ಸೂಚನೆಯು ತಪ್ಪು ಮಾತ್ರೆಯಷ್ಟೇ ಅಪಾಯಕಾರಿ ಎಂಬುದನ್ನು ನಾವು ನಮ್ಮದೇ ತಪ್ಪಿನಿಂದ ಕಲಿತೆವು.

ಕೆಲ ಕಾಲದ ಹಿಂದೆ, ಊರಿನಿಂದ ಮಕ್ಕಳ ಮನೆಗೆ ಬಂದಿದ್ದ ಹಿರಿಯರಿಗಾಗಿ ರಕ್ತದ ಸಕ್ಕರೆ ತಪಾಸಣೆಯೊಂದನ್ನು ಏರ್ಪಡಿಸಿದ್ದೆವು. ಭಿತ್ತಿಪತ್ರವನ್ನು ಸಿದ್ಧಪಡಿಸಿದವರೂ ನಾವೇ. ಇಂಗ್ಲಿಷ್ ಹಾಗೂ ಸ್ವೀಡಿಷ್ ಸಾಲುಗಳಿಗೆ ಜಾಗ ಕೊಟ್ಟು, ಮಿಕ್ಕ ಎರಡು ಬೆರಳಗಲದಲ್ಲಿ ಕನ್ನಡವನ್ನು ದಪ್ಪಗೊಳಿಸಿ, ಅಡ್ಡಲಾಗಿ ಹಿಸುಕಿ ತುಂಬಿದೆವು. ‘ಹಿಂದಿನ ರಾತ್ರಿ ೯ರ ನಂತರ ಏನನ್ನೂ ಸೇವಿಸಬಾರದು’ ಎಂಬ ಸೂಚನೆ ವಾಟ್ಸಾಪಿನಲ್ಲಿ ಎಲ್ಲರ ಕೈ ಸೇರಿತು. ಮಧುಮೇಹವಿದ್ದ ತಾಯಿಯೊಬ್ಬರು ಅದನ್ನು ೬ ಎಂದು ಓದಿದರು. ರಾತ್ರಿಯ ಊಟ ಬಿಟ್ಟರು, ಮಾತ್ರೆ ಬಿಡಲಿಲ್ಲ. ಬೆಳಿಗ್ಗೆ ಬಂದಾಗ ಮೈ ಬೆವರಿ, ಕೈ ನಡುಗುತ್ತಿತ್ತು. ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡು, “ನನ್ನ ಚಾಳೀಸೇ ಸರಿಯಿಲ್ಲ ಡಾಕ್ಟ್ರೇ” ಎಂದು ನಾಚಿಕೊಂಡರು. ನಾಚಬೇಕಾದವರು ನಾವು.

ದಪ್ಪನೆಯ, ಇಕ್ಕಟ್ಟಾದ ಅಕ್ಷರಶೈಲಿಯೇ ಕೆಟ್ಟದ್ದೆಂದು ನಾವು ವಾದಿಸುತ್ತಿಲ್ಲ. ಸ್ವೀಡನ್ನಿನ ಅಂಗಡಿಗಳ ಮುಂದಿನ ಅಫ್ಟನ್‌ಬ್ಲಾಡೆಟ್, ಎಕ್ಸ್‌ಪ್ರೆಸೆನ್ ಪತ್ರಿಕೆಗಳ ಸುದ್ದಿಫಲಕಗಳನ್ನು ನೆನಪಿಸಿಕೊಳ್ಳಿರಿ. ನಾಲ್ಕಾರು ಪದಗಳು, ಎತ್ತರವಾದ ಕಪ್ಪು ಅಕ್ಷರಗಳು. ಬಸ್ಸಿನ ಕಿಟಕಿಯಿಂದಲೂ ಓದಬಹುದು. ಜೆಫ್ರಿ ಲೀ 1965ರಲ್ಲಿ ರೂಪಿಸಿದ ‘ಇಂಪ್ಯಾಕ್ಟ್’ ಇದೇ ಕುಲದ್ದು. ಆದರೆ ಅಲ್ಲಿ ಅಕ್ಷರವನ್ನು ಮೊದಲಿನಿಂದಲೇ ಇಕ್ಕಟ್ಟಾಗಿ ಬರೆಯಲಾಗಿರುತ್ತದೆ. ಗೆರೆಗಳ ದಪ್ಪವನ್ನೂ ಒಳಗಿನ ಬಯಲನ್ನೂ ಕಲಾವಿದನು ಒಂದಕ್ಕೊಂದು ಹೊಂದಿಸಿರುತ್ತಾನೆ. ಸ್ವೀಡಿಷಿನಲ್ಲಿ ‘ಫಾರ್’ ಎಂದರೆ ತಂದೆ. ಅದರ ನಡುವಿನ ಅಕ್ಷರದ ಮೇಲೊಂದು ಪುಟ್ಟ ಉಂಗುರ ಬಂದರೆ ‘ಫೋರ್’, ಅಂದರೆ ಕುರಿ. ದಪ್ಪಕ್ಷರದಲ್ಲಿಯೂ ಇಲ್ಲಿನವರು ಆ ಉಂಗುರವನ್ನು ಜೋಪಾನವಾಗಿ ಉಳಿಸಿಕೊಳ್ಳುತ್ತಾರೆ.

ನಾವು ಮಾಡುತ್ತಿರುವುದೇನು? ಸಾಧಾರಣ ಅಗಲದ ಕನ್ನಡ ಫಾಂಟನ್ನು ತೆಗೆದುಕೊಂಡು, ಗಣಕಯಂತ್ರದಲ್ಲಿ ಅಗಲವನ್ನು ಶೇಕಡ 60ಕ್ಕೆ ಇಳಿಸುತ್ತೇವೆ. ಆಗ ಲಂಬ ಗೆರೆಗಳು ತೆಳುವಾಗಿ, ಅಡ್ಡ ಗೆರೆಗಳು ಮೊದಲಿನ ದಪ್ಪದಲ್ಲೇ ಉಳಿಯುತ್ತವೆ. ಅದರ ಮೇಲೆ ಕೃತಕ ದಪ್ಪವನ್ನು ಏರಿಸಿದಾಗ ಒಳಗಿನ ಬಯಲೆಲ್ಲ ಮಸಿಯಿಂದ ತುಂಬುತ್ತದೆ. ನಮ್ಮ ಲಿಪಿಯಲ್ಲಿ ಅರ್ಥವಿರುವುದು ಆ ಬಯಲಿನಲ್ಲಿಯೇ. ‘ದನ’ವನ್ನು ‘ಧನ’ದಿಂದ ಬೇರ್ಪಡಿಸುವುದು ಅಡಿಯಲ್ಲಿರುವ ಒಂದು ಸಣ್ಣ ಸೀಳು. ‘ಪ’ ಮತ್ತು ‘ಷ’ಗಳ ನಡುವಿನ ಅಂತರ ಹೊಟ್ಟೆಯೊಳಗಿನ ಒಂದು ಗೀರು. ೬ ಮತ್ತು ೯ ಮೊದಲೇ ಅವಳಿಗಳಂತಿವೆ. ಇವುಗಳ ಕೆಳಗೆ ಒತ್ತಕ್ಷರ, ಪಕ್ಕದಲ್ಲಿ ದೀರ್ಘ.

ಕಣ್ಣಿನ ಪರೀಕ್ಷೆಯೂ ಇದನ್ನೇ ಹೇಳುತ್ತದೆ. 1862ರಲ್ಲಿ ಸ್ನೆಲೆನ್ ರೂಪಿಸಿದ ಫಲಕದ ಅಕ್ಷರವು ಐದು ಭಾಗ ಎತ್ತರ, ಅದರ ಒಂದೊಂದು ಗೆರೆ ಒಂದು ಭಾಗ ದಪ್ಪ. ಲ್ಯಾಂಡೋಲ್ಟ್ ಉಂಗುರದಲ್ಲಂತೂ ರೋಗಿ ಹೇಳಬೇಕಾದುದು ಬಿರುಕು ಯಾವ ಕಡೆಗಿದೆ ಎಂಬುದನ್ನು ಮಾತ್ರ. ಆ ಬಿರುಕಿನ ಅಗಲ ಗೆರೆಯ ದಪ್ಪದಷ್ಟೇ. ದೃಷ್ಟಿಯ ಸಾಮರ್ಥ್ಯವನ್ನು ನಾವು ಅಳೆಯುವುದು ಕಣ್ಣು ಎಷ್ಟು ಚಿಕ್ಕ ಖಾಲಿ ಜಾಗವನ್ನು ಗುರುತಿಸಬಲ್ಲದು ಎಂಬುದರಿಂದ. ನಲವತ್ತು ದಾಟಿದವರಿಗೆ ಚಾಳೀಸು, ಅರವತ್ತು ದಾಟಿದವರಲ್ಲಿ ಅನೇಕರಿಗೆ ಕಣ್ಣಿನ ಪೊರೆ. ಅಂಥವರ ಮುಂದೆ ಅಂಗೈಯಗಲದ ಮೊಬೈಲಿನಲ್ಲಿ ಬಿರುಕು ಮುಚ್ಚಿದ ಅಕ್ಷರವನ್ನಿಟ್ಟು ಓದಿರೆಂದರೆ ಅದು ಸೇವೆಯೆನಿಸೀತೇ? ಇಲ್ಲಿಯೇ ಹುಟ್ಟಿ ಬೆಳೆದು, ಈಗಷ್ಟೇ ಕಾಗುಣಿತ ತಿದ್ದುತ್ತಿರುವ ಮಗುವಿನ ಕಷ್ಟವೂ ಕಡಿಮೆಯದಲ್ಲ.

“ಜಾಗವಿಲ್ಲ” ಎನ್ನುವರು. ಜಾಗವಿದೆ; ಅದನ್ನು ನಾವು ಬೇರೆ ಭಾಷೆಗಳಿಗೆ ಮೊದಲು ಹಂಚಿ, ಕನ್ನಡಕ್ಕೆ ಪಂಕ್ತಿಯ ಕೊನೆಯ ಎಲೆ ಹಾಕುತ್ತಿದ್ದೇವೆ. ಕನ್ನಡ ಸಂಘದ ಮನೆಯಲ್ಲಿಯೇ ಹೀಗಾದರೆ ಮತ್ತೆಲ್ಲಿ ಅದಕ್ಕೆ ಮಣೆ? “ದಪ್ಪಗಿದ್ದರೆ ಗಮನ ಸೆಳೆಯುತ್ತದೆ” ಎನ್ನುವರು. ಸೆಳೆಯಲಿ, ಆದರೆ ಸೆಳೆದ ಮೇಲೆ ಓದಿಸಿಕೊಳ್ಳಬೇಕಷ್ಟೆ. “ಬೇರೆ ಫಾಂಟು ಎಲ್ಲಿದೆ” ಎಂಬ ನೆಪವೂ ಈಗ ನಡೆಯದು. ಏಕ್ ಟೈಪ್ ಸಂಸ್ಥೆ 2022ರಲ್ಲಿ ಹೊರತಂದ ‘ಅನೇಕ್ ಕನ್ನಡ’ದಲ್ಲಿ ಇಕ್ಕಟ್ಟಿನಿಂದ ವಿಶಾಲದವರೆಗೆ, ತೆಳುವಿನಿಂದ ದಪ್ಪದವರೆಗೆ ಎಲ್ಲವೂ ಉಂಟು. ಕನ್ನಡಕ್ಕಾಗಿಯೇ ಬರೆದದ್ದು, ಉಚಿತವಾಗಿ ದೊರೆಯುತ್ತದೆ.

ಆದ್ದರಿಂದ ನಮ್ಮ ಒತ್ತಾಯವಿಷ್ಟು. ಭಿತ್ತಿಪತ್ರದಲ್ಲಿ ಮೊದಲು ಕನ್ನಡವನ್ನು ಜೋಡಿಸಿ, ಅನಂತರ ಇತರ ಭಾಷೆಗಳನ್ನು ಕೂರಿಸೋಣ. ಅಕ್ಷರವನ್ನು ಯಂತ್ರದಿಂದ ಹಿಸುಕುವುದನ್ನು ಇಂದೇ ನಿಲ್ಲಿಸೋಣ. ಇಕ್ಕಟ್ಟಿನ ದಪ್ಪಕ್ಷರವು ನಾಲ್ಕೈದು ಪದಗಳ ಶೀರ್ಷಿಕೆಗೆ ಮೀಸಲಾಗಿರಲಿ. ದಿನಾಂಕ, ವೇಳೆ, ಔಷಧದ ಸೂಚನೆ, 1177 ಮತ್ತು 112ರಂಥ ದೂರವಾಣಿ ಸಂಖ್ಯೆಗಳು ಸಾಧಾರಣ ಅಗಲದಲ್ಲಿರಲಿ. ವೇಳೆಯನ್ನು ‘ರಾತ್ರಿ ಒಂಬತ್ತು’ ಎಂದು ಪದಗಳಲ್ಲಿಯೂ ಬರೆಯೋಣ. ಕಳುಹಿಸುವ ಮುನ್ನ ಮನೆಯ ಹಿರಿಯರೊಬ್ಬರ ಕೈಗೆ ಮೊಬೈಲು ಕೊಟ್ಟು, ಗಟ್ಟಿಯಾಗಿ ಓದಿಸೋಣ. ಅವರು ತಡವರಿಸಿದರೆ ಭಿತ್ತಿಪತ್ರವನ್ನು ತಿದ್ದೋಣ. ಅವರ ಚಾಳೀಸನ್ನು ದೂರುವುದು ಬೇಡ.