ನೊರೆಯ ಹೊಟ್ಟೆಯೊಳಗೇನಿದೆ?

ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಏಳುವ ನೊರೆಯ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಹಿಮದ ಗುಡ್ಡೆಯಂತೆ ಬಲು ಚೆಂದ. ಅಲ್ಲೇ ನನ್ನ ತಕರಾರು. ಆ ಚಿತ್ರದಲ್ಲಿ ನೊರೆ ಇದೆ, ನೊರೆಯ ಕಾರಣವಿಲ್ಲ.

ಕಾರಣ ಗುಟ್ಟೇನಲ್ಲ. ನಂದಿ ಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸೂರಿಗೆ ಬರುವಷ್ಟರಲ್ಲಿ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹರಿದ ಕೊಳಚೆ ನೀರನ್ನು ತುಂಬಿಕೊಂಡಿರುತ್ತದೆ. ಬಟ್ಟೆ ಬೆಳ್ಳಗಾಗಬೇಕು, ಪಾತ್ರೆ ಹೊಳೆಯಬೇಕು ಎಂದು ಮನೆಮನೆಯಲ್ಲಿ ಸುರಿದ ಸೋಪಿನ ಪುಡಿಯೂ ಕಾರ್ಖಾನೆಗಳ ಹೊಲಸೂ ಸರಿಯಾಗಿ ಶುದ್ಧಿಯಾಗದೆ ಅದರಲ್ಲಿರುತ್ತವೆ. ತೂಬಿನಿಂದ ನೀರು ರಭಸವಾಗಿ ಬಿದ್ದು ಗಾಳಿ ಬೆರೆತಾಗ ನೊರೆ ಉಕ್ಕುತ್ತದೆ. ಬೆಳ್ಳಂದೂರಿನಲ್ಲಿ 2015ರ ಮೇ ತಿಂಗಳಲ್ಲಿ ನೊರೆಗೇ ಬೆಂಕಿ ಹತ್ತಿತು; 2018ರ ಜನವರಿಯಲ್ಲಿ ಕೆರೆಯ ಬೆಂಕಿ ಆರಿಸಲು ಸೈನಿಕರು ಬರಬೇಕಾಯಿತು. ನಗರಕ್ಕೆ ಅದೊಂದು ಸುದ್ದಿ. ಕಾಲುವೆಯ ಕೆಳಗೆ ಕೂಲಿ ಮಾಡುವವರಿಗೆ ಅದೇ ನೀರಿನಲ್ಲಿ ಕಾಲಿಟ್ಟು ನಿಲ್ಲುವ ಕೆಲಸ.

ಕಲೆ ಇದನ್ನು ಹೇಳಬಲ್ಲದೇ? ಬಲ್ಲದು. ಅಮೆರಿಕದ ಛಾಯಾಗ್ರಾಹಕ ಕ್ರಿಸ್ ಜೋರ್ಡನ್ 2009ರಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪಕ್ಕೆ ಹೋದರು. ಅಲ್ಲಿ ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿಯ ಮರಿಗಳು ಸತ್ತು ಬಿದ್ದಿದ್ದವು. ತಾಯಿತಂದೆ ಹಕ್ಕಿಗಳು ಆಹಾರವೆಂದೇ ತಿಳಿದು ಕಡಲಿನಿಂದ ತಂದು ಉಣಿಸಿದ್ದ ಬಾಟಲಿ ಮುಚ್ಚಳ, ಸಿಗರೇಟ್ ಲೈಟರುಗಳು ಕೊಳೆತ ಹೊಟ್ಟೆಯೊಳಗೆ ಹಾಗೆಯೇ ಉಳಿದಿದ್ದವು. ಒಂದು ಚೂರನ್ನೂ ಕದಲಿಸದೆ ಚಿತ್ರ ತೆಗೆದೆನೆಂದು ಅವರು ಹೇಳಿದ್ದಾರೆ. ಎಲ್ಲೋ ಯಾರೋ ಒಮ್ಮೆ ಕುಡಿದು ಎಸೆದದ್ದರ ಲೆಕ್ಕ ಆ ಹೊಟ್ಟೆಯಲ್ಲಿತ್ತು.

ನಮ್ಮ ನೊರೆಯ ಹೊಟ್ಟೆಯನ್ನೂ ಹೀಗೆ ಬಗೆದು ತೋರಿಸುವವರು ಬೇಕು. ಆದರೆ ಆಸೆಪಟ್ಟವರೆಲ್ಲರೂ ಸಮನಾಗಿ ತಪ್ಪಿತಸ್ಥರು ಎಂದು ಚಿತ್ರ ಹೇಳಿದರೆ ನಾನು ಒಪ್ಪಲಾರೆ. ಒಂದು ತುಂಡು ಸೋಪನ್ನು ವಾರವಿಡೀ ತೇಯುವ ಲೈನ್ ಮನೆಯ ತಾಯಿಯೂ ದೊಡ್ಡ ಕಟ್ಟಡದ ಕೊಳಚೆ ಪೈಪನ್ನು ರಾತ್ರೋರಾತ್ರಿ ಕೆರೆಗೆ ಬಿಡುವವನೂ ಒಂದೇ ತಕ್ಕಡಿಯಲ್ಲಿ ಕೂರುವುದು ಹೇಗೆ?

ಗುಲಾಬಿಯ ಮಾತೂ ಇದೇ. ಫೆಬ್ರವರಿ 14ಕ್ಕೆಂದು ಹೊಸೂರಿನಿಂದ ಹೊರದೇಶಕ್ಕೆ ಹೋಗುವ ಹೂವಿನ ದಂಟು ಉದ್ದವಾಗಿ ನೇರ ಇರಬೇಕು, ಎಲೆಯ ಮೇಲೆ ಚುಕ್ಕೆ ಇರಬಾರದು. ಚುಕ್ಕೆ ಬೀಳದಿರಲೆಂದೇ ಔಷಧಿ ಹೊಡೆಯುವುದು, ಹೊಡೆಯುವವರು ನಮ್ಮವರೇ. ಜಾಹೀರಾತಿನಲ್ಲಿ ಹೂವು ಮಾತ್ರ ಕಾಣುತ್ತದೆ. ವಿಂಗಡಿಸಿ ಬಿಸಾಡಿದ ಡೊಂಕು ದಂಟಿನ ರಾಶಿಯನ್ನಾಗಲಿ ಪಂಪು ಹೊತ್ತ ಬೆನ್ನನ್ನಾಗಲಿ ಯಾವ ಪ್ರದರ್ಶನದಲ್ಲೂ ನಾನು ಕಂಡಿಲ್ಲ.

ಬೆಂಗಳೂರಿನಲ್ಲಿ ಇಂಥ ಪ್ರದರ್ಶನ ಇಡುವವರು ಹೊಸೂರಿನ ಬಸ್ ನಿಲ್ದಾಣದಲ್ಲೂ ಒಂದು ವಾರ ಇಡಲಿ. ಹೂ ಕತ್ತರಿಸುವವರು, ನೀರು ಕಟ್ಟುವವರು ಕೆಲಸ ಬಿಟ್ಟು ಮನೆಗೆ ಹೋಗುವಾಗ ನೋಡಲಿ. ಚಿತ್ರದಲ್ಲಿ ಏನು ಬಿಟ್ಟುಹೋಗಿದೆಯೆಂದು ಅವರನ್ನೇ ಕೇಳಲಿ.