ಹತ್ತು ನಿಮಿಷದ ಲೆಕ್ಕ

ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ತೆಗೆದು ಓದಬೇಕು. ತುರ್ತು ಚಿಕಿತ್ಸೆಯಲ್ಲಿ ಎಲ್ಲ ಕಡೆ ಒಪ್ಪಿರುವ ನಿಯಮವಿದು. ರಕ್ತನಾಳ ಕಟ್ಟಿಕೊಂಡಷ್ಟು ಹೊತ್ತೂ ಹೃದಯದ ಸ್ನಾಯು ಸಾಯುತ್ತಲೇ ಇರುತ್ತದೆ. ಆದರೂ ಆ ಹತ್ತು ನಿಮಿಷ ನಲವತ್ತಾಗುವುದುಂಟು. ಆಗ ತಪ್ಪು ಯಾರದು?

ಸಾಮಾನ್ಯವಾಗಿ ಆ ಪಾಳಿಯ ನರ್ಸಿಗೋ ಕಿರಿಯ ವೈದ್ಯರಿಗೋ ನೋಟಿಸು ಹೋಗುತ್ತದೆ. ರೋಗಿಯ ಕಡೆಯವರ ಸಿಟ್ಟೂ ಅವರ ಮೇಲೆಯೇ. ರೋಗಿ ಬಂದ ದಾರಿಯಲ್ಲೇ ಬಾಗಿಲಿನಿಂದ ಹಾಸಿಗೆಯವರೆಗೆ ಒಮ್ಮೆ ನಡೆದು ನೋಡಿದರೆ ಬೇರೆಯೇ ಕಾಣುತ್ತದೆ: ಚೀಟಿ ಮಾಡಿಸದೆ ಒಳಗೆ ಬಿಡದ ಕೌಂಟರು, ವಾರ್ಡಿಗೆ ಹೋದದ್ದು ಮರಳಿ ಬಾರದ ಇಸಿಜಿ ಯಂತ್ರ, ಮುಗಿದುಹೋದ ಪೇಪರ್ ರೋಲು, ಇರುವ ಒಬ್ಬರೇ ವೈದ್ಯರು ಅಪಘಾತದ ಗಾಯಾಳುವಿನ ರಕ್ತ ನಿಲ್ಲಿಸುತ್ತಿರುವುದು. ನೋಟಿಸಿನಿಂದ ಇವ್ಯಾವುವೂ ಸರಿಹೋಗುವುದಿಲ್ಲ. ಹೆದರಿದವರು ಮುಂದಿನ ಸಲ ರಿಜಿಸ್ಟರಿನಲ್ಲಿ ನಿಜವಾದ ಸಮಯ ಬರೆಯುವುದಿಲ್ಲ, ಅಷ್ಟೇ. ಸುಳ್ಳು ಸಮಯ ಬರೆದ ರಿಜಿಸ್ಟರಿನಿಂದ ಯಾವ ಆಸ್ಪತ್ರೆಯೂ ಏನೂ ಕಲಿಯಲಾರದು.

ಆದ್ದರಿಂದ ತಡ ಎಲ್ಲಾಯಿತೆಂದು ಹುಡುಕಿ ಸರಿಪಡಿಸುವುದೂ ಚಿಕಿತ್ಸೆಯೇ ಎಂಬುದು ನನ್ನ ವಾದ. ರೋಗಿಯನ್ನು ನೋಡಲೇ ಪುರುಸೊತ್ತಿಲ್ಲದಾಗ ಈ ಲೆಕ್ಕ ಬರೆಯುವವರು ಯಾರು ಎಂದು ವೈದ್ಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಮ್ಮ ದೇಶದಲ್ಲಿ ತುರ್ತು ವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ಸ್ನಾತಕೋತ್ತರ ವಿಷಯವೆಂಬ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಅಲ್ಲಿಯವರೆಗೂ, ಎಷ್ಟೋ ಕಡೆ ಇವತ್ತಿಗೂ, ಈ ವಿಭಾಗ ನಡೆದದ್ದು ಯಾರೋ ಒಬ್ಬರು ನಿದ್ದೆಗೆಟ್ಟು ದುಡಿದದ್ದರಿಂದ.

ರಿಜಿಸ್ಟರಿನ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಎಷ್ಟೋ ಸಲ ಎದೆನೋವಿಲ್ಲದೆಯೇ ಬರುತ್ತದೆ. ಬರೀ ಏದುಸಿರು, ಬೆವರು, ಸುಸ್ತು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ. ಮನೆಯವರು ಅದನ್ನು ಗ್ಯಾಸ್ ಎನ್ನುತ್ತಾರೆ. ದಣಿದ ವೈದ್ಯರೂ ಒಮ್ಮೊಮ್ಮೆ ಒಪ್ಪಿಬಿಡುತ್ತಾರೆ. ಎದೆನೋವಿನವರನ್ನಷ್ಟೇ ಎಣಿಸಿದರೆ ಇವರು ಲೆಕ್ಕಕ್ಕೇ ಬರುವುದಿಲ್ಲ, ಸರಾಸರಿ ಮಾತ್ರ ಚೆನ್ನಾಗಿ ಕಾಣುತ್ತದೆ. ಮನೆಗೆ ಕಳಿಸಿದ ಮೇಲೆ ಎರಡು ದಿನದಲ್ಲಿ ಮತ್ತೆ ಬಂದವರ ಚೀಟಿಗಳನ್ನು ತೆಗೆದು ಓದಬೇಕು. ಕಲಿಯಬೇಕಾದದ್ದು ಹೆಚ್ಚಾಗಿ ಇರುವುದು ಅಲ್ಲಿ.

ಕರ್ನಾಟಕದಲ್ಲಿ ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತವಾಗಿ ಸಿಗುವಂತಾಗಿದೆ. ದೊಡ್ಡ ಕೆಲಸವದು. ಆದರೆ ಇಸಿಜಿ ಓದುವವರೆಗೆ ಆ ಔಷಧಿ ಕಪಾಟಿನಲ್ಲೇ ಇರುತ್ತದೆ. ಆಸ್ಪತ್ರೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ವೈದ್ಯರೂ ನರ್ಸುಗಳೂ ಜೊತೆಯಾಗಿ ಕೂತು ರಿಜಿಸ್ಟರ್ ಓದಲು ವಾರಕ್ಕೆ ಒಂದು ಗಂಟೆ ಕೊಡಿ. ಅದನ್ನು ಡ್ಯೂಟಿಯ ಒಳಗೇ ಕೊಡಿ.